ಫ್ಲೆಕ್ಸ್ ಕನ್ನಡ: ಕಾಗುಣಿತದ ಜೊತೆಗೆ ಔಟ್‌ಲೈನನ್ನೂ ತಿದ್ದಬೇಕು

ಮಾನ್ಯ ಸಂಪಾದಕರೇ,

ಫ್ಲೆಕ್ಸ್ ಮತ್ತು ನಾಮಫಲಕಗಳಲ್ಲಿ ಕನ್ನಡ ಕೆಡುತ್ತಿರುವ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಪ್ರಕಟವಾದ ಪತ್ರವನ್ನು ಓದಿದೆ. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗುತ್ತಿವೆ, ಒತ್ತಕ್ಷರಗಳು ಮುರಿದು ಬೀಳುತ್ತಿವೆ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಡಿಸೈನ್ ಮಾಡಿಕೊಡುವ ಡಿಟಿಪಿ ಅಂಗಡಿಗಳಲ್ಲಿ ಕೂತವರಿಗೆ ಕನ್ನಡವೇ ಬಾರದಿರುವುದು ಇದಕ್ಕೆ ಕಾರಣ ಎಂದು ಆ ಓದುಗರು ನೊಂದು ಬರೆದಿದ್ದರು. ಹಾಸನದಲ್ಲಿ ಹದಿನೇಳು ವರ್ಷಗಳಿಂದ ಅದೇ ಕೆಲಸ ಮಾಡಿಕೊಂಡು ಬಂದಿರುವ ನನಗೆ ಅವರ ದೂರು ನ್ಯಾಯವಾದದ್ದೆಂದೇ ತೋರುತ್ತದೆ. ಆದರೆ ಅವರು ಹೇಳಿದ ಕಾರಣ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಈ ಕೆಲಸದ ಒಳಗಿರುವವರೇ ಹೇಳಬೇಕು ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಗಳಲ್ಲಿ ಕಾಗುಣಿತದ ತಪ್ಪು ಆಗುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಗಿರಾಕಿ ತಂದ ಚೀಟಿಯಲ್ಲಿ ‘ಹಾರ್ದಿಕ’ ಎನ್ನುವುದು ‘ಹಾರ್ಧಿಕ’ ಎಂದಿದ್ದರೆ ಅದನ್ನು ಹಾಗೆಯೇ ಟೈಪ್ ಮಾಡಿ ಪ್ರಿಂಟಿಗೆ ಕಳಿಸುವವರು ಇದ್ದಾರೆ. ಆದರೆ ಬಿ.ಎಂ. ರಸ್ತೆಯಲ್ಲಿ, ಎನ್.ಆರ್. ವೃತ್ತದಲ್ಲಿ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಮುತ್ತ ಓದಲು ತೊಡಕಾದ ಫಲಕ ಕಂಡಾಗಲೆಲ್ಲ ನಾನು ನಿಂತು ಹತ್ತಿರದಿಂದ ನೋಡುತ್ತೇನೆ. ಹಾಗೆ ನೋಡಿದವುಗಳಲ್ಲಿ ಹೆಚ್ಚಿನವನ್ನು ಸರಿಯಾಗಿಯೇ ಟೈಪ್ ಮಾಡಲಾಗಿತ್ತು. ಅಕ್ಷರ ಕೆಟ್ಟದ್ದು ಟೈಪ್ ಮಾಡುವಾಗಲ್ಲ, ಆಮೇಲೆ ಅದಕ್ಕೆ ಅಂಚಿನುದ್ದಕ್ಕೂ ಎಳೆಯುವ ಗೆರೆಯಾದ ಔಟ್‌ಲೈನ್ ಮತ್ತು ನೆರಳು ಹಾಕುವಾಗ.

ಇದು ನನಗೆ ಮನದಟ್ಟಾದದ್ದು ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತೀರಿಕೊಂಡಾಗ ಅವರ ಮನೆಯವರು ಪತ್ರಿಕೆಗೆ ಕೊಡಲು ಒಂದು ಜಾಹೀರಾತನ್ನೂ ಮನೆಯ ಮುಂದೆ ಕಟ್ಟಲು ಒಂದು ಫ್ಲೆಕ್ಸನ್ನೂ ನನ್ನಲ್ಲಿ ಮಾಡಿಸಿದರು. ಮೇಲ್ಗಡೆ ದೊಡ್ಡದಾಗಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹಾಕಿ, ಗಂಭೀರವಾಗಿ ಕಾಣಲಿ ಎಂದು ಕಡುಬೂದು ಬಣ್ಣದ ಅಕ್ಷರಕ್ಕೆ ಕಪ್ಪು ಔಟ್‌ಲೈನ್ ಕೊಟ್ಟು, ಕೆಳಗೆ ಮೆತ್ತನೆಯ ನೆರಳು ಹಾಕಿದೆ. ಜಾಹೀರಾತು ಅಚ್ಚಾದ ದಿನ ಬೆಳಿಗ್ಗೆ ಅವರ ಮಗ ಪತ್ರಿಕೆ ಹಿಡಿದು ಬಂದರು. ‘ನೋಡಿ ಅಣ್ಣ, ನಮ್ಮಪ್ಪ ಊರಿನ ಮಕ್ಕಳಿಗೆಲ್ಲ ಹೊಟ್ಟೆ ಸೀಳೋದು ಕಲಿಸಿದವರು. ಅವರ ಶ್ರದ್ಧಾಂಜಲಿಯಲ್ಲೇ ಹೊಟ್ಟೆ ಸೀಳಿಲ್ಲವಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. ಪತ್ರಿಕೆಯಲ್ಲಿ ‘ಬಾವಪೂರ್ಣ ಶ್ರದ್ದಾಂಜಲಿ’ ಎಂದೇ ಓದುವಂತಿತ್ತು. ಕಂಪ್ಯೂಟರಿನಲ್ಲಿ ಫೈಲ್ ತೆರೆದು ನೋಡಿದರೆ ನಾನು ಟೈಪ್ ಮಾಡಿದ್ದು ಸರಿಯಾಗಿತ್ತು. ದೊಡ್ಡದು ಮಾಡಿ ನೋಡಿದಾಗ ಭಕಾರದ ಸೀಳೂ ಧಕಾರದ ಒತ್ತಿನ ಸೀಳೂ ಅಲ್ಲೇ ಇದ್ದವು. ಎರಡು ಕಡೆಯಿಂದ ನುಗ್ಗಿದ ಕಪ್ಪು ಗೆರೆ ಆ ಸೀಳನ್ನು ತುಂಬಿಬಿಟ್ಟಿತ್ತು. ಅದರ ಮೇಲೆ ನೆರಳು ಬೇರೆ ಬಿದ್ದು, ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿ, ಉಳಿದಿದ್ದ ಕೂದಲೆಳೆಯಷ್ಟು ಜಾಗವೂ ಮುಚ್ಚಿಹೋಗಿತ್ತು. ಫ್ಲೆಕ್ಸನ್ನು ಅಂದೇ ಬೇರೆ ಮಾಡಿಕೊಟ್ಟೆ. ಅಚ್ಚಾದ ಪತ್ರಿಕೆಯನ್ನು ತಿದ್ದುವುದಕ್ಕೆ ದಾರಿಯಿರಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋರಲ್ ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್‌ನಂಥ ಡಿಸೈನ್ ಸಾಫ್ಟ್‌ವೇರ್‌ಗಳು ನಾವು ಬೇರೇನೂ ಹೇಳದಿದ್ದರೆ ಔಟ್‌ಲೈನನ್ನು ಅಕ್ಷರದ ಅಂಚಿನ ನಟ್ಟನಡುವೆ ಎಳೆಯುತ್ತವೆ. ಗೆರೆಯ ಅರ್ಧ ದಪ್ಪ ಅಂಚಿನ ಹೊರಗೆ, ಇನ್ನರ್ಧ ಒಳಗೆ. 4 ಪಾಯಿಂಟ್ (ಪಾಯಿಂಟ್ ಎಂದರೆ ಅಚ್ಚಿನ ಕೆಲಸದ ಸಣ್ಣ ಅಳತೆ) ದಪ್ಪದ ಔಟ್‌ಲೈನ್ ಕೊಟ್ಟರೆ ಅದರಲ್ಲಿ 2 ಪಾಯಿಂಟ್ ಅಕ್ಷರದ ಮೈಯನ್ನೇ ತಿನ್ನುತ್ತದೆ. ಅಕ್ಷರದ ಗೆರೆ 6 ಪಾಯಿಂಟ್ ದಪ್ಪವಿದೆ ಎಂದುಕೊಂಡರೆ, ಎರಡೂ ಬದಿಯಿಂದ ಎರಡೆರಡು ಪಾಯಿಂಟ್ ಹೋಗಿ ನಡುವೆ ಉಳಿಯುವುದು ಬರೀ 2 ಪಾಯಿಂಟ್. ನೇರ ಗೆರೆಗಳಿರುವ ಇಂಗ್ಲಿಷ್‌ನ ದೊಡ್ಡಕ್ಷರಗಳು ಇದನ್ನು ಹೇಗೋ ತಡೆದುಕೊಳ್ಳುತ್ತವೆ. ನಮ್ಮ ಲಿಪಿಯಲ್ಲಿ ಅರ್ಥವನ್ನು ಬೇರ್ಪಡಿಸುವುದೇ ಅತಿ ಸಣ್ಣ ಗುರುತುಗಳು: ದಕಾರವನ್ನು ಧಕಾರ ಮಾಡುವ ಸೀಳು, ಠಕಾರದ ಮತ್ತು ಥಕಾರದ ಒಳಗಿನ ಚುಕ್ಕೆ, ಪಕಾರವನ್ನು ಷಕಾರ ಮಾಡುವ ಒಳಗೀಟು. ಇವು ಮುಚ್ಚಿದರೆ ‘ಪ್ರಧಾನ ಅರ್ಚಕರು’ ‘ಪ್ರದಾನ ಅರ್ಚಕರು’ ಆಗುತ್ತಾರೆ, ‘ವರ್ಷ’ ‘ವರ್ಪ’ವಾಗುತ್ತದೆ, ಜಾತ್ರೆಯ ಫಲಕದಲ್ಲಿ ‘ರಥೋತ್ಸವ’ ‘ರಧೋತ್ಸವ’ವೋ ‘ರದೋತ್ಸವ’ವೋ ತಿಳಿಯದೆ ಹೋಗುತ್ತದೆ. ಓದಿದವರು ಬರೆದವನಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳುವುದು ಸಹಜ.

ಇದನ್ನು ಸರಿಪಡಿಸಲು ಎರಡು ನಿಮಿಷ ಸಾಕು ಎಂಬುದೇ ನನ್ನ ಅಳಲು. ಕೋರಲ್ ಡ್ರಾದಲ್ಲಿ ಎಫ್12 ಒತ್ತಿದರೆ ತೆರೆಯುವ ಔಟ್‌ಲೈನ್ ಪೆನ್ ಕಿಟಕಿಯಲ್ಲಿ ‘ಬಿಹೈಂಡ್ ಫಿಲ್’ ಎಂಬುದಕ್ಕೆ ಗುರುತು ಹಾಕಿದರೆ ಗೆರೆ ಅಕ್ಷರದ ಹಿಂದಕ್ಕೆ ಹೋಗುತ್ತದೆ, ಮೈ ಇಡಿಯಾಗಿ ಉಳಿಯುತ್ತದೆ. ಇಲ್ಲಸ್ಟ್ರೇಟರಿನಲ್ಲಿ ಅಪಿಯರೆನ್ಸ್ ಪ್ಯಾನೆಲ್‌ಗೆ ಹೋಗಿ ಹೊಸದೊಂದು ಸ್ಟ್ರೋಕ್ (ಅಲ್ಲಿ ಔಟ್‌ಲೈನಿಗೆ ಇದೇ ಹೆಸರು) ಸೇರಿಸಿ, ಅದನ್ನು ‘ಕ್ಯಾರೆಕ್ಟರ್ಸ್’ ಎಂಬ ಸಾಲಿನ ಕೆಳಕ್ಕೆ ಎಳೆದು ಬಿಡಬೇಕು. ಫೋಟೊಶಾಪಿನ ಲೇಯರ್ ಸ್ಟೈಲ್‌ನಲ್ಲಿ ಸ್ಟ್ರೋಕಿನ ಪೊಸಿಷನ್ನನ್ನು ‘ಔಟ್‌ಸೈಡ್’ ಮಾಡಬೇಕು. ಇಂಕ್‌ಸ್ಕೇಪಿನಲ್ಲಿಯೂ ಸ್ಟ್ರೋಕ್ ಮೊದಲು, ಬಣ್ಣ ಆಮೇಲೆ ಎಂದು ಕ್ರಮ ಬದಲಾಯಿಸುವ ಅವಕಾಶವಿದೆ. ಇವು ಯಾವುದೂ ನೆನಪಿಗೆ ಬಾರದವರು ಅಕ್ಷರದ ಎರಡು ಪ್ರತಿ ಮಾಡಿಕೊಂಡು, ಕೆಳಗಿನದಕ್ಕೆ ದಪ್ಪ ಔಟ್‌ಲೈನ್ ಕೊಟ್ಟು, ಮೇಲಿನದನ್ನು ಔಟ್‌ಲೈನ್ ಇಲ್ಲದೆ ಅದರ ಮೇಲೆ ಕೂರಿಸಿದರೂ ಅದೇ ಫಲ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸೀಳು ಎಂಬುದು ಅಕ್ಷರದ ಹೊರಗಿನ ಜಾಗವಾದ್ದರಿಂದ ಹಿಂದಕ್ಕೆ ಹೋದ ಗೆರೆಯೂ ಅದನ್ನು ತುಂಬುತ್ತದೆ. ಆಗ ಸೀಳು ಔಟ್‌ಲೈನಿನ ಬಣ್ಣದಲ್ಲಿ ಕಾಣುತ್ತದೆ. ಹಳದಿ ಅಕ್ಷರಕ್ಕೆ ಕಡುಕೆಂಪು ಔಟ್‌ಲೈನ್ ಇದ್ದರೆ ಸೀಳು ಕೆಂಪು ಗೀಟಾಗಿ ಎದ್ದು ಕಾಣುತ್ತದೆ. ಕಡುಬೂದಿಗೆ ಕಪ್ಪು ಇದ್ದರೆ ಏನೂ ಕಾಣುವುದಿಲ್ಲ. ಮೇಷ್ಟ್ರ ಜಾಹೀರಾತಿನಲ್ಲಿ ನಾನು ಮಾಡಿದ್ದು ಈ ಎರಡನೆಯದನ್ನು.

ಒತ್ತಕ್ಷರ ಮುರಿದಂತೆ ಕಾಣುವುದರ ಕಥೆ ಬೇರೆ, ಅದು ನಮ್ಮ ಫಾಂಟ್‌ಗಳ ಹುಟ್ಟಿಗೇ ಸಂಬಂಧಿಸಿದ್ದು. ಹಳೆಯ ಬಗೆಯ ಫಾಂಟಿನಲ್ಲಿ ಇದ್ದದ್ದು 256 ಸ್ಥಾನಗಳು ಮಾತ್ರ. ಅಷ್ಟರೊಳಗೆ ಕನ್ನಡದ ಪೂರ್ತಿ ಕಾಗುಣಿತವನ್ನೂ ಒತ್ತುಗಳನ್ನೂ ಇಡಿ ಇಡಿಯಾಗಿ ಕೂರಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ಅಕ್ಷರಗಳನ್ನು ತುಂಡುಗಳಾಗಿ ಮಾಡಿ, ಟೈಪ್ ಮಾಡಿದಾಗ ಆ ತುಂಡುಗಳು ಪಕ್ಕಪಕ್ಕದಲ್ಲಿ ಬಂದು ಕೂಡಿಕೊಳ್ಳುವಂತೆ ಜಾಣತನದಿಂದ ಏರ್ಪಾಟು ಮಾಡಲಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟ್‌ಗಳಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಏಳು ತುಂಡುಗಳು: ಕಕಾರದ ಮೈ, ಅದರ ತಲೆಕಟ್ಟು, ನಕಾರದ ಮೈ, ಅದರ ತಲೆಕಟ್ಟು, ನಕಾರದ ಒತ್ತು, ಡಕಾರದ ಮೈ, ಅದರ ತಲೆಕಟ್ಟು. ‘ಶ್ರೀ’ ಎಂಬುದು ‘ಶಿ’, ರಕಾರದ ಒತ್ತು ಮತ್ತು ದೀರ್ಘ ಸೇರಿ ಆಗುತ್ತದೆ. ‘ಯ’ ಅಕ್ಷರವಂತೂ ಅನುಸ್ವಾರದ ಸೊನ್ನೆಯಿಂದ ಶುರುವಾಗಿ, ನಡುವಿನ ಒಂದು ತುಂಡು, ತಲೆಕಟ್ಟು, ಕೊಂಬು ಎಂದು ನಾಲ್ಕು ತುಂಡುಗಳಿಂದ ಕೂಡಿದ್ದು. ಒಂದೇ ಬಣ್ಣದಲ್ಲಿ ಅಚ್ಚಾದರೆ ಬೆಸುಗೆ ಎಲ್ಲಿದೆ ಎಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಈ ಏರ್ಪಾಟಿನಿಂದಲೇ ದಶಕಗಳ ಕಾಲ ಕನ್ನಡದ ಅಚ್ಚಿನ ಕೆಲಸ ನಡೆದಿದೆ, ನಮ್ಮಂಥವರ ಮನೆಗಳೂ ನಡೆದಿವೆ.

ಔಟ್‌ಲೈನ್ ಹಾಕಿದ ಕೂಡಲೇ ಆ ಬೆಸುಗೆ ಬಯಲಾಗುತ್ತದೆ. ಸಾಫ್ಟ್‌ವೇರ್‌ಗೆ ಅದು ‘ಯ’ ಎಂಬ ಒಂದು ಅಕ್ಷರವಲ್ಲ, ನಾಲ್ಕು ಬೇರೆ ಬೇರೆ ಆಕಾರಗಳು. ಆದ್ದರಿಂದ ಅದು ನಾಲ್ಕಕ್ಕೂ ಪ್ರತ್ಯೇಕವಾಗಿ ಸುತ್ತಲೂ ಗೆರೆ ಎಳೆಯುತ್ತದೆ, ಒಂದು ತುಂಡು ಇನ್ನೊಂದರ ಮೇಲೆ ಏರಿರುವ ಕಡೆ ಅಕ್ಷರದ ಹೊಟ್ಟೆಯೊಳಗೇ ಅಡ್ಡಗೆರೆಗಳು ಮೂಡುತ್ತವೆ. ತಲೆಕಟ್ಟು ಮೈಯಿಂದ ಬೇರ್ಪಟ್ಟಂತೆ, ಒತ್ತು ಕಾಲ ಬಳಿ ಕಳಚಿ ಬಿದ್ದಂತೆ ಕಾಣುತ್ತದೆ. ತುಂಡುಗಳ ತುದಿ ಚೂಪಾಗಿರುವ ಕಡೆ ಔಟ್‌ಲೈನ್ ಮುಳ್ಳಿನಂತೆ ಹೊರಕ್ಕೆ ಚಾಚುವುದೂ ಉಂಟು. ಔಟ್‌ಲೈನಿನ ಮೂಲೆಯನ್ನು ದುಂಡಗಿನ ಬಗೆಗೆ ಬದಲಾಯಿಸಿದರೆ ಮುಳ್ಳು ಹೋಗುತ್ತದೆ. ಅಡ್ಡಗೆರೆ ಹೋಗಬೇಕಾದರೆ ತುಂಡುಗಳನ್ನು ನಿಜವಾಗಿಯೂ ಬೆಸೆಯಬೇಕು.

ಬೆಸೆಯುವುದನ್ನು ನಾನು ಕಲಿತದ್ದು ಯಾವ ತರಬೇತಿ ಕೇಂದ್ರದಲ್ಲಿಯೂ ಅಲ್ಲ, ವಾಹನಗಳಿಗೆ ಸ್ಟಿಕರ್ ಕತ್ತರಿಸುವ ಹಿರಿಯರೊಬ್ಬರಲ್ಲಿ. ಒಮ್ಮೆ ಲಾರಿಯ ಮುಂಗಾಜಿಗೆ ‘ಶ್ರೀ ಹಾಸನಾಂಬ ಪ್ರಸನ್ನ’ ಎಂಬ ಸಾಲನ್ನು ಡಿಸೈನ್ ಮಾಡಿ ಅವರಿಗೆ ಕಳಿಸಿದ್ದೆ. ಕಟಿಂಗ್ ಪ್ಲಾಟರಿನ ಬ್ಲೇಡು ಗೆರೆ ಎಲ್ಲಿದೆಯೋ ಅಲ್ಲೆಲ್ಲ ಕುಯ್ಯುತ್ತದೆ. ಅವರು ಹಿನ್ನೆಲೆಯ ಹಾಳೆ ಸುಲಿದಾಗ ಸಕಾರದ ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಎರಡೂ ಕೂಡುವ ಜಾಗದ ಉಗುರಿನಷ್ಟು ವಿನೈಲ್ ಚೂರು ಅವರ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ನನಗೆ ತೋರಿಸಿ, ‘ಕರ್ವ್ ಮಾಡಿದರೆ ಸಾಲದು ಕಣಪ್ಪ, ವೆಲ್ಡ್ ಮಾಡಿ ಕಳಿಸು’ ಎಂದರು. ಕೋರಲಿನಲ್ಲಿ ಅಕ್ಷರವನ್ನು ಆರಿಸಿ ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಅದು ಕರ್ವ್ ಆಗುತ್ತದೆ, ಅಂದರೆ ಟೈಪ್ ಮಾಡಿದ ಅಕ್ಷರವಾಗಿ ಉಳಿಯದೆ ಬರೀ ಗೆರೆಗಳ ಆಕಾರವಾಗುತ್ತದೆ. ಆಮೇಲೆ ತುಂಡುಗಳನ್ನು ‘ವೆಲ್ಡ್’ ಮಾಡಿದರೆ ಒಳಗಿನ ಗೆರೆಗಳೆಲ್ಲ ಅಳಿಸಿ ಹೊರಗಿನ ಒಂದೇ ಅಂಚು ಉಳಿಯುತ್ತದೆ. ಇಲ್ಲಸ್ಟ್ರೇಟರಿನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’ ಆದ ಮೇಲೆ ಪಾತ್‌ಫೈಂಡರಿನ ‘ಯುನೈಟ್’ ಇದೇ ಕೆಲಸ ಮಾಡುತ್ತದೆ. ಹೊಸಬರು ಇಲ್ಲಿ ವೆಲ್ಡಿನ ಬದಲು ‘ಕಂಬೈನ್’ ಮಾಡಿಬಿಡುತ್ತಾರೆ. ಆಗ ಒಂದರ ಮೇಲೊಂದು ಬಂದ ಜಾಗ ಸೇರುವುದಕ್ಕೆ ಬದಲಾಗಿ ತೂತಾಗಿ ಹಿನ್ನೆಲೆಯ ಬಣ್ಣ ಇಣುಕುತ್ತದೆ. ತಲೆಕಟ್ಟು ಮೈಗೆ ತಾಗುವಲ್ಲಿ ಅಕ್ಕಿ ಕಾಳಿನಂಥ ಬಿಳಿ ಚುಕ್ಕೆಗಳಿರುವ ಫಲಕ ನೋಡಿದ್ದರೆ ಅದರ ಕಾರಣ ಇದೇ.

ವೆಲ್ಡ್ ಗೊತ್ತಿದ್ದೂ ಮಾಡದಿರುವವರು ಇದ್ದಾರೆ, ಅದಕ್ಕೂ ಒಂದು ನಿಜವಾದ ಕಾರಣವಿದೆ. ಬೆಸೆದ ಅಕ್ಷರ ಬರೀ ಚಿತ್ರ. ಅದರಲ್ಲಿ ಆಮೇಲೆ ಒಂದು ದೀರ್ಘವನ್ನೂ ತಿದ್ದಲಾಗದು. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆಯ ಸಮಾರಂಭದ ಫಲಕಕ್ಕೆ ಇನ್ನೊಬ್ಬ ಗಣ್ಯರ ಹೆಸರು ಸೇರಿಸಿ, ಆ ಹೆಸರನ್ನು ಮೇಲಿನ ಸಾಲಿಗೆ ತನ್ನಿ ಎನ್ನುವುದು ನಮ್ಮಲ್ಲಿ ವಾಡಿಕೆ. ಹಾಗಿರುವಾಗ ಪ್ರತಿ ಸಲವೂ ಬೆಸೆಯುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ತಿದ್ದಬಹುದಾದ ಮೂಲ ಅಕ್ಷರವನ್ನು ಪುಟದ ಹೊರಗೋ ಬೇರೊಂದು ಲೇಯರಿನಲ್ಲೋ (ಪದರದಲ್ಲೋ) ಇಟ್ಟುಕೊಂಡು, ಕೊನೆಯ ಪ್ರೂಫ್ ಒಪ್ಪಿಗೆಯಾದ ಮೇಲೆ ಅದರ ಪ್ರತಿಯನ್ನು ಮಾತ್ರ ಬೆಸೆಯುವುದು ನನ್ನ ಪದ್ಧತಿ. ಕೊನೆಯ ಒಪ್ಪಿಗೆ ಎಂಬುದೊಂದು ಇರಬೇಕು, ಅಷ್ಟೇ.

ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತವಿರುವ ಯೂನಿಕೋಡ್ ಫಾಂಟ್ ಬಳಸಿದರೆ ಈ ತೊಂದರೆಯೆಲ್ಲ ತಾನಾಗಿ ಹೋಗುತ್ತದೆ ಎನ್ನುವವರಿದ್ದಾರೆ. ಬಹುಪಾಲು ಹೋಗುತ್ತದೆ ನಿಜ, ಎಲ್ಲರೂ ಅತ್ತ ಸಾಗಬೇಕೆಂಬುದೇ ನನ್ನ ಅಭಿಪ್ರಾಯವೂ ಹೌದು. ಯೂನಿಕೋಡಿನಲ್ಲಿ ‘ಯ’ ಎಂದರೆ ಒಂದೇ ಇಡೀ ಅಕ್ಷರ, ‘ಕ’ ಎಂದರೆ ತಲೆಕಟ್ಟಿನ ಸಮೇತ ಒಂದು ಆಕಾರ. ಆದರೂ ಒತ್ತು ಬಹಳ ಫಾಂಟ್‌ಗಳಲ್ಲಿ ಬೇರೆ ತುಂಡಾಗಿಯೇ ಬಂದು ಕೂರುತ್ತದೆ. ಒಂದೇ ಫೈಲಿನಲ್ಲಿ ಎಲ್ಲ ದಪ್ಪಗಳೂ ಸಿಗುವ ವೇರಿಯಬಲ್ ಫಾಂಟ್‌ಗಳಲ್ಲಿ ಒಂದು ಅಕ್ಷರದೊಳಗಿನ ಗೆರೆಗಳನ್ನೇ ಒಂದರ ಮೇಲೊಂದು ಬರುವಂತೆ ಮಾಡಿರುವುದು ಸಾಮಾನ್ಯ. ಹೀಗಾಗಿ ಅಲ್ಲಿಯೂ ಔಟ್‌ಲೈನ್ ಹಾಕುವ ಮೊದಲು ಬೆಸೆಯುವ ಅಭ್ಯಾಸ ಬಿಡಬಾರದು. ಫೋಟೊಶಾಪ್ ಅಥವಾ ಇಲ್ಲಸ್ಟ್ರೇಟರಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತುಗಳು ಕೂಡದೆ, ಕ್ ಒಂದು ಕಡೆ ಷ ಒಂದು ಕಡೆ ನಿಂತರೆ ಫಾಂಟನ್ನು ದೂರಬೇಕಾಗಿಲ್ಲ. ಪ್ರಿಫರೆನ್ಸಿನ ಟೈಪ್ ವಿಭಾಗದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರನ್ನು ಆರಿಸಿದರೆ ಕೂಡಿಕೊಳ್ಳುತ್ತವೆ. ಇನ್ನೊಂದು ತಪ್ಪು, ಫಾಂಟಿನಲ್ಲಿ ದಪ್ಪ ಅಕ್ಷರವಿಲ್ಲದಿದ್ದಾಗ ಹುಸಿ ದಪ್ಪ ಕೊಡುವ ‘ಫೋ ಬೋಲ್ಡ್’ ಬಟನ್ ಒತ್ತುವುದು. ಅದೂ ಅಕ್ಷರದ ಸುತ್ತ ಗೆರೆ ಬಳಿದಂತೆಯೇ. ಸೀಳು ಮುಚ್ಚುವುದರಲ್ಲಿ ಔಟ್‌ಲೈನಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಈಗ ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್‌ಗಳಲ್ಲಿ ನಿಜವಾದ ದಪ್ಪ ಅಕ್ಷರಗಳು ಸಿಗುತ್ತಿರುವಾಗ ಆ ಬಟನ್ ಮುಟ್ಟುವ ಅಗತ್ಯ ಕಾಣುವುದಿಲ್ಲ.

ಅಳತೆಯ ವಿಷಯವನ್ನೂ ಹೇಳಬೇಕು. ಹತ್ತು ಅಡಿ ಅಗಲದ ಫ್ಲೆಕ್ಸನ್ನು ನಾವು ಹಲವು ಸಲ ಹತ್ತನೇ ಒಂದರ ಅಳತೆಯಲ್ಲಿ, ಅಂದರೆ 12 ಇಂಚಿನ ಪುಟದಲ್ಲಿ ಮಾಡಿ, ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುತ್ತೇವೆ. ಔಟ್‌ಲೈನ್ ಪೆನ್ನಿನಲ್ಲಿ ‘ಸ್ಕೇಲ್ ವಿತ್ ಆಬ್ಜೆಕ್ಟ್’ಗೆ ಗುರುತಿಲ್ಲದಿದ್ದರೆ ಅಕ್ಷರ ಮಾತ್ರ ಬೆಳೆದು, 2 ಪಾಯಿಂಟಿನ ಔಟ್‌ಲೈನ್ 2 ಪಾಯಿಂಟಾಗಿಯೇ, ಅಂದರೆ ಮುಕ್ಕಾಲು ಮಿಲಿಮೀಟರಿಗಿಂತ ತೆಳ್ಳಗೆ, ಉಳಿದುಬಿಡುತ್ತದೆ. ಗುರುತಿದ್ದರೆ ಅದೇ ಗೆರೆ 7 ಮಿಲಿಮೀಟರ್ ಆಗುತ್ತದೆ. ಇದಕ್ಕಿಂತ ಅಪಾಯ ಅದರ ತಿರುಗುಮುರುಗು. ದೊಡ್ಡ ಫಲಕದ ಡಿಸೈನನ್ನೇ ಕಿರಿದು ಮಾಡಿ ಆಹ್ವಾನ ಪತ್ರಿಕೆಗೆ ಇಳಿಸಿದಾಗ ಅಕ್ಷರ ಚಿಕ್ಕದಾಗಿ, ಗೆರೆ ಮೊದಲಿನಷ್ಟೇ ದಪ್ಪ ಉಳಿದು, ಸಾಲಿಗೆ ಸಾಲೇ ಕಪ್ಪು ಪಟ್ಟಿಯಾಗುತ್ತದೆ. ಇಲ್ಲಸ್ಟ್ರೇಟರಿನಲ್ಲಿ ‘ಸ್ಕೇಲ್ ಸ್ಟ್ರೋಕ್ಸ್ ಅಂಡ್ ಎಫೆಕ್ಟ್ಸ್’ ಎಂಬುದು ಇದೇ ಆಯ್ಕೆ.

ಇನ್ನು ನೆರಳು. ನಮ್ಮ ಜಿಲ್ಲೆಯವರಿಗೆ ಅಕ್ಷರ ಮತ್ತು ನೆರಳಿನ ಸಂಬಂಧವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರಿ.ಶ. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿ. ಬೇಲೂರು, ಹಳೇಬೀಡುಗಳಲ್ಲಿ ಬಯಲಲ್ಲಿ ನಿಂತ ಶಾಸನದ ಕಲ್ಲನ್ನು ನಡುಮಧ್ಯಾಹ್ನ ನೋಡಿದರೆ ಅಕ್ಷರಗಳು ಕಲ್ಲಿನಲ್ಲೇ ಕರಗಿಹೋದಂತೆ ಕಾಣುತ್ತವೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಪ್ರತಿ ಗೆರೆಯ ಒಂದು ಅಂಚಿನಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಅಲ್ಲಿ ಬೆಳಕು ಒಂದೇ ದಿಕ್ಕಿನಿಂದ ಬೀಳುವುದರಿಂದ ಎಲ್ಲ ಅಕ್ಷರದ ನೆರಳೂ ಒಂದೇ ಕಡೆಗಿರುತ್ತದೆ. ಕೈಯಿಂದ ಬೋರ್ಡ್ ಬರೆಯುತ್ತಿದ್ದ ನಮ್ಮೂರ ಪೇಂಟರ್‌ಗಳೂ ಇದನ್ನೇ ಪಾಲಿಸುತ್ತಿದ್ದರು. ಅಕ್ಷರಕ್ಕೂ ಶೇಡಿಗೂ ನಡುವೆ ಒಂದು ಕಡ್ಡಿಯಷ್ಟು ಜಾಗ ಬಿಟ್ಟು, ಇಡೀ ಬೋರ್ಡಿನಲ್ಲಿ ಶೇಡನ್ನು ಒಂದೇ ಬದಿಗೆ ಎಳೆದು, ಒತ್ತು ಬಂದ ಕಡೆ ಶೇಡನ್ನು ಮೊಟಕು ಮಾಡುತ್ತಿದ್ದರು. ಇಂದು ನಾವು ಮಾಡುವ ಫಲಕಗಳಲ್ಲಿ ಮೇಲಿನ ಸಾಲಿನ ನೆರಳು ಬಲಕ್ಕೆ, ಕೆಳಗಿನ ಸಾಲಿನದು ಎಡಕ್ಕೆ, ಭಾವಚಿತ್ರದ್ದು ನೇರ ಕೆಳಕ್ಕೆ. ಮೇಲಿನ ಸಾಲಿನ ಒತ್ತಿನ ನೆರಳು ಕೆಳಗಿನ ಸಾಲಿನ ದೀರ್ಘದ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಫೋಟೊಶಾಪಿನಲ್ಲಿ ‘ಯೂಸ್ ಗ್ಲೋಬಲ್ ಲೈಟ್’ ಇರುವುದು ಎಲ್ಲ ಲೇಯರಿನ ನೆರಳೂ ಒಂದೇ ಕೋನದಲ್ಲಿ ಬೀಳಲಿ ಎಂದೇ. ಒಂದು ಲೇಯರಿನ ನೆರಳು ತಿರುಗಿಸಿದರೆ ಎಲ್ಲವೂ ತಿರುಗುತ್ತವಲ್ಲ ಎಂದು ಗಾಬರಿಯಾಗಿ ಅದನ್ನು ತೆಗೆದುಹಾಕುವವರೇ ಹೆಚ್ಚು. ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು.

ನೆರಳು ಕಾಣಿಸುತ್ತಲೇ ಇಲ್ಲ ಎಂಬ ದೂರು ಬಂದರೆ ನಾನು ಮೊದಲು ನೋಡುವುದು, ನೆರಳಿನ ಬಣ್ಣ ಹಿನ್ನೆಲೆಯೊಡನೆ ಹೇಗೆ ಬೆರೆಯಬೇಕೆಂದು ಹೇಳುವ ಬ್ಲೆಂಡ್ ಮೋಡನ್ನು. ಕಪ್ಪು ನೆರಳಿಗೆಂದು ಅದು ‘ಮಲ್ಟಿಪ್ಲೈ’ ಎಂದೇ ಇರುತ್ತದೆ. ಕಡುಬಣ್ಣದ ಹಿನ್ನೆಲೆಯ ಮೇಲೆ ಬಿಳಿಯ ಹೊಳಪು ಬೇಕೆಂದು ನೆರಳಿನ ಬಣ್ಣವನ್ನು ಬಿಳಿ ಮಾಡಿದರೆ ಮಲ್ಟಿಪ್ಲೈನಲ್ಲಿ ಬಿಳಿ ಎಂಬುದಕ್ಕೆ ಏನೂ ಪರಿಣಾಮವಿಲ್ಲ. ‘ನಾರ್ಮಲ್’ ಅಥವಾ ‘ಸ್ಕ್ರೀನ್’ ಮಾಡಿದರೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿದ್ದದ್ದು ಅಚ್ಚಿನಲ್ಲಿ ಅಕ್ಷರದ ಸುತ್ತ ಬಿಳಿ ಅಥವಾ ಮಂಕು ಬಣ್ಣದ ಚೌಕವಾಗಿ ಬರುವುದು ಇದಕ್ಕಿಂತ ದುಬಾರಿಯ ತಪ್ಪು. ಒಮ್ಮೆ ಚಿನ್ನದ ಬಣ್ಣದ ಹಿನ್ನೆಲೆಯ ಲಗ್ನಪತ್ರಿಕೆಗಳು ಹೊರಜಿಲ್ಲೆಯ ಮುದ್ರಣಾಲಯವೊಂದರಿಂದ ಬಂದಾಗ ವಧೂವರರ ಹೆಸರಿನ ಸುತ್ತ ಬಿಳಿ ಪಟ್ಟಿ ಅಂಟಿಸಿದಂತಿತ್ತು. ಮದುವೆಗೆ ಉಳಿದಿದ್ದದ್ದು ಹನ್ನೆರಡು ದಿನ. ನೆರಳು ಎಂಬುದು ಪಾರದರ್ಶಕ ಬಣ್ಣ. ಪಿಡಿಎಫ್‌ನಲ್ಲಿ ಪಾರದರ್ಶಕತೆ ಬಂದದ್ದು 2001ರ 1.4 ಆವೃತ್ತಿಯಿಂದ, ಅದಕ್ಕೂ ಹಿಂದಿನ 1.3ಕ್ಕೆ ಉಳಿಸಿದರೆ ಸಾಫ್ಟ್‌ವೇರ್ ನೆರಳನ್ನು ಚೌಕ ಚಿತ್ರವಾಗಿ ಚಪ್ಪಟೆ ಮಾಡುತ್ತದೆ. ಆ ಚೌಕದ ಕೆಳಗಿರುವುದು ಸ್ಪಾಟ್ ಬಣ್ಣವಾಗಿದ್ದರೆ (ಪ್ರತ್ಯೇಕವಾಗಿ ಬೆರೆಸಿದ ಶಾಯಿಯಾಗಿದ್ದರೆ) ಅಥವಾ ಫೈಲಿನಲ್ಲಿ ಆರ್‌ಜಿಬಿ, ಸಿಎಂವೈಕೆ (ಮೊದಲನೆಯದು ಪರದೆಯ, ಎರಡನೆಯದು ಅಚ್ಚಿನ ಬಣ್ಣಪದ್ಧತಿ) ಎರಡೂ ಬೆರೆತಿದ್ದರೆ ಚೌಕದ ಒಳಗೂ ಹೊರಗೂ ಬಣ್ಣ ಹೊಂದುವುದಿಲ್ಲ. ಮೊದಲೇ ಎಲ್ಲವನ್ನೂ ಸಿಎಂವೈಕೆ ಮಾಡಿಕೊಂಡು, ಕೋರಲಿನಲ್ಲಿ ನೆರಳನ್ನು ಅಕ್ಷರದಿಂದ ಬಿಡಿಸಿ, ಹಿನ್ನೆಲೆ ಮತ್ತು ನೆರಳು ಎರಡನ್ನು ಮಾತ್ರ ಒಟ್ಟುಮಾಡಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಚಿತ್ರವಾಗಿಸಿ, ಅಕ್ಷರವನ್ನು ಮೇಲೆ ಹಾಗೆಯೇ ಉಳಿಸಿದರೆ ಯಾವ ಮುದ್ರಣಾಲಯದಲ್ಲಿಯೂ ಚೌಕ ಬರುವುದಿಲ್ಲ. ಅಂದಿನಿಂದ ಲಗ್ನಪತ್ರಿಕೆಗಳನ್ನು ನಾನು ಹೀಗಲ್ಲದೆ ಕಳಿಸಿಲ್ಲ.

ಪತ್ರಿಕೆಯ ಕಾಗದದ ವಿಷಯದಲ್ಲಿ ತಮಗೇ ಒಂದು ವಿನಂತಿ ಇದೆ. ಈ ಕಾಗದ ಶಾಯಿಯನ್ನು ಹೀರಿ ಹರಡುತ್ತದೆ, ಆರ್ಟ್ ಪೇಪರಿನಲ್ಲಿ ಅಂದವಾಗಿ ಕಾಣುವ ಮೆತ್ತನೆಯ ನೆರಳು ಇಲ್ಲಿ ಮಸಿ ಮೆತ್ತಿದಂತಾಗುತ್ತದೆ. ಜಿಲ್ಲೆಗಳಿಂದ ಬರುವ ಜಾಹೀರಾತುಗಳ ಗಾತ್ರ, ಬಣ್ಣ, ಡಿಪಿಐ ಇವನ್ನು ತಮ್ಮ ಜಾಹೀರಾತು ವಿಭಾಗ ನಮಗೆ ಲಿಖಿತವಾಗಿ ತಿಳಿಸುತ್ತದೆ. ಅದೇ ಹಾಳೆಯಲ್ಲಿ, ಸಣ್ಣ ಅಕ್ಷರಗಳಿಗೆ ನೆರಳು ಬೇಡ, ಔಟ್‌ಲೈನ್ ಇದ್ದರೆ ಬೆಸೆದ ಅಕ್ಷರದ ಹಿಂದೆ ಇರಲಿ ಎಂದು ಇನ್ನೊಂದು ಸಾಲು ಸೇರಿಸಿದರೆ ಎಷ್ಟೋ ಶ್ರದ್ಧಾಂಜಲಿಗಳು ಶ್ರದ್ಧಾಂಜಲಿಗಳಾಗಿಯೇ ಅಚ್ಚಾಗುತ್ತವೆ.

ಕೆಲಸ ಕೊಡುವವರಲ್ಲೂ ಕೇಳಿಕೊಳ್ಳುವುದಿದೆ. ನಮ್ಮ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂಬುದು ಕಾನೂನು. ಅದರಿಂದ ನಮ್ಮ ಅಂಗಡಿಗಳಿಗೆ ಕನ್ನಡದ ಕೆಲಸ ಹೆಚ್ಚಿದೆ, ಸಂತೋಷವೂ ಆಗಿದೆ. ಆದರೆ ಟೇಪು ಹಿಡಿದು ಅಳೆದ ಶೇ 60 ಜಾಗದಲ್ಲಿ ನಾಲ್ಕು ಸುತ್ತಿನ ಔಟ್‌ಲೈನ್ ತುಂಬಿ ಅಕ್ಷರ ಓದಲು ಬಾರದಿದ್ದರೆ ಆ ಅಳತೆಯಿಂದ ಓದುವವನಿಗೆ ಏನೂ ಸಿಗುವುದಿಲ್ಲ. ತರಬೇತಿ ಕೇಂದ್ರಗಳು ಡಿಟಿಪಿ ಕಲಿಸುವಾಗ ಅಭ್ಯಾಸಕ್ಕೆ ಕೊಡುವುದು ಬಹುಮಟ್ಟಿಗೆ ಇಂಗ್ಲಿಷ್ ಪದಗಳನ್ನು. ಅವುಗಳಲ್ಲಿ ಈ ತೊಂದರೆ ಹುಟ್ಟುವುದೇ ಇಲ್ಲವಾದ್ದರಿಂದ ಮಕ್ಕಳು ಅದನ್ನು ಕಾಣದೆಯೇ ಕೆಲಸಕ್ಕೆ ಬರುತ್ತಾರೆ. ‘ಶ್ರೀ’, ‘ಯ’, ‘ಶ್ರದ್ಧಾಂಜಲಿ’, ‘ರಥೋತ್ಸವ’ ಈ ನಾಲ್ಕಕ್ಕೆ ಔಟ್‌ಲೈನ್ ಹಾಕಿ ತೋರಿಸುವ ಒಂದು ಪಾಠ ಸಾಕು. ಕಚೇರಿಗಳು, ದೇವಸ್ಥಾನ ಸಮಿತಿಗಳು, ಸಂಘಸಂಸ್ಥೆಗಳು ಪ್ರೂಫನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ ಒಪ್ಪಿಗೆ ಕೊಡುತ್ತವೆ. ಹಿಗ್ಗಿಸಿದರೆ ಎಲ್ಲ ಸೀಳೂ ಕಾಣುತ್ತದೆ. ಅದರ ಬದಲು ಪ್ರೂಫನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಯಾರಾದರೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿದರೆ ಫಲಕ ರಸ್ತೆಯಲ್ಲಿ ಹೇಗೆ ಕಾಣುತ್ತದೆಂದು ಗೊತ್ತಾಗುತ್ತದೆ.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆಯುತ್ತದೆ. ಆಗ ಊರಿನ ಎಲ್ಲ ದಾರಿಗಳಲ್ಲಿ ದರ್ಶನದ ಸಾಲು, ಪ್ರಸಾದ, ವಾಹನ ನಿಲುಗಡೆ, ಕುಡಿಯುವ ನೀರು ಎಂದು ನೂರಾರು ಫಲಕಗಳು ಏಳುತ್ತವೆ, ದೂರದೂರಿನಿಂದ ಬಂದವರು ಅವನ್ನು ಓದಿಕೊಂಡೇ ನಡೆಯಬೇಕು. ಈ ಸಲ ಆ ಕೆಲಸದ ಆದೇಶ ಹೊರಡಿಸುವವರು ಅಳತೆ ಮತ್ತು ದರದ ಕೆಳಗೆ, ಕನ್ನಡ ಅಕ್ಷರಗಳನ್ನು ಬೆಸೆದ ನಂತರವೇ ಔಟ್‌ಲೈನ್ ಕೊಡತಕ್ಕದ್ದು, ದಾರಿ ತೋರಿಸುವ ಫಲಕಗಳ ಅಕ್ಷರಕ್ಕೆ ನೆರಳು ಕೂಡದು ಎಂದು ಒಂದು ಷರತ್ತನ್ನು ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಡಿಟಿಪಿ ಕೆಲಸಗಾರ
ಹಾಸನ